ಗೋಡೆಯ ಮೇಲಿದ್ದ ಅಜ್ಜಿಯ ಭಾವಚಿತ್ರ

ಹೊಸಪೇಟೆಯ ನಮ್ಮ ಮನೆಯ ಪಡಸಾಲೆಯಲ್ಲಿ, ದೇವರ ಕೋಣೆಯ ಬಾಗಿಲಿಗೆ ಹೊಂದಿಕೊಂಡ ಗೋಡೆಯ ಮೇಲೆ, ನಮ್ಮ ತಾಯಿಯವರ ತಾಯಿಯ ಭಾವಚಿತ್ರವೊಂದು ಅರುವತ್ತು ವರ್ಷಗಳ ಕಾಲ ಇದ್ದಿತು. ಅಜ್ಜಿ ಲಿಂಗೈಕ್ಯರಾದದ್ದು 1961ರಲ್ಲಿ. ಅವರ ಜೀವಮಾನದಲ್ಲಿ ಯಾರೂ ಅವರ ಫೋಟೋ ತೆಗೆದಿರಲಿಲ್ಲವೆಂದೇ ನಾವೆಲ್ಲ ತಿಳಿದಿದ್ದೆವು. ನಮ್ಮ ಸಂಪ್ರದಾಯದಂತೆ ಅವರನ್ನು ಕುಳ್ಳಿರಿಸಿ, ಹಣೆಗೆ ವಿಭೂತಿ ಧರಿಸಿ, ಹೂಮಾಲೆ ಹಾಕಿದ ಮೇಲೆ, ಪೇಟೆಯಿಂದ ಸ್ಟುಡಿಯೋದವರನ್ನು ಕರೆಯಿಸಿ ತೆಗೆಸಿದ ಚಿತ್ರವದು. ಓದುಗ ಬಂಧುಗಳ ಮನೆಗಳಲ್ಲಿಯೂ ಇಂತಹ ಚಿತ್ರಗಳು ಇದ್ದೇ ಇರುತ್ತವೆ. ಆ ಕಾಲದ ಎಷ್ಟೋ ಹೆಣ್ಣುಮಕ್ಕಳು ಕ್ಯಾಮೆರಾದ ಎದುರಿಗೆ ಬಂದದ್ದು ಒಂದೇ ಸಲ, ಅದೂ ತಮಗೆ ಅರಿವಿಲ್ಲದ ಹೊತ್ತಿನಲ್ಲಿ.

2022ರ ಯುಗಾದಿಗೆ ಮುನ್ನ ಮನೆಗೆ ಬಣ್ಣ ಹಚ್ಚಿಸಬೇಕೆಂದು ಗೋಡೆಯ ಮೇಲಿನ ಕಟ್ಟುಗಳನ್ನೆಲ್ಲ ಇಳಿಸಿದೆವು. ಅಜ್ಜಿಯ ಕಟ್ಟಿನ ಹಿಂಬದಿಯ ಹಲಗೆ ಕೈಯಲ್ಲಿ ಪುಡಿಯಾಯಿತು. ಹಲಗೆಗೂ ಚಿತ್ರಕ್ಕೂ ನಡುವೆ ಮಡಿಸಿಟ್ಟಿದ್ದ ಹಳೆಯ ವೃತ್ತಪತ್ರಿಕೆ ಕಂದುಬಣ್ಣಕ್ಕೆ ತಿರುಗಿತ್ತು. ಗಾಜು ಮಂಕಾಗಿದೆ, ಹೊಸ ಗಾಜು ಹಾಕಿಸೋಣವೆಂದು ಚಿತ್ರವನ್ನು ಮೆಲ್ಲಗೆ ಎತ್ತಲು ಹೋದರೆ ಅದು ಬರಲಿಲ್ಲ. ತುಸು ಬಲ ಹಾಕಿದೆವು. ಚರ್ರೆಂಬ ಸಣ್ಣ ಸಪ್ಪಳದೊಡನೆ ಕಾಗದವೇನೋ ಕೈಗೆ ಬಂದಿತು, ಆದರೆ ಅಜ್ಜಿಯ ಹಣೆಯ ಎಡಭಾಗವೂ ಒಂದು ಕಣ್ಣೂ ಗಾಜಿನ ಮೇಲೆಯೇ ಉಳಿದುಬಿಟ್ಟವು.

ಆ ದಿನ ಮನೆಯಲ್ಲಿ ಯಾರೂ ಹೆಚ್ಚು ಮಾತನಾಡಲಿಲ್ಲ. ಬಣ್ಣದವರು ಮಾತ್ರ ಏಣಿಯ ಮೇಲಿನಿಂದ ಒಮ್ಮೆ ನೋಡಿ, ಮತ್ತೆ ತಮ್ಮ ಕೆಲಸಕ್ಕೆ ತೊಡಗಿದರು.

ಬೇರೆಯವರ ಮೇಲೆ ತಪ್ಪು ಹೊರಿಸಲು ನಮಗೆ ದಾರಿ ಇರಲಿಲ್ಲ. ಆ ಚಿತ್ರವನ್ನು ನಾವು ಅಲಕ್ಷಿಸಿದವರೇ ಅಲ್ಲ. ನಮ್ಮ ತಾಯಿಯವರು ಪ್ರತಿ ಸೋಮವಾರ ಒದ್ದೆ ಬಟ್ಟೆಯಿಂದ ಗಾಜನ್ನು ಒರೆಸಿ, ನೀರಿನಲ್ಲಿ ಕಲಸಿದ ವಿಭೂತಿಯನ್ನು ಗಾಜಿನ ಮೇಲೆ ಮೂರು ಬೆರಳಿನಿಂದ ಹಚ್ಚಿ, ಮಲ್ಲಿಗೆಯ ಮಾಲೆ ಏರಿಸಿ, ಊದುಬತ್ತಿ ಬೆಳಗಿಯೇ ಪ್ರಸಾದ ಸ್ವೀಕರಿಸುತ್ತಿದ್ದರು. ಅವರ ನಂತರ ನಮ್ಮ ಮನೆಯವರು ಅದನ್ನೇ ನಡೆಸಿಕೊಂಡು ಬಂದರು. ಆ ಒದ್ದೆ ಬಟ್ಟೆಯ ನೀರು, ಹಸಿ ಹೂವಿನ ತೇವ ಗಾಜಿನ ಅಂಚಿನಿಂದ ವಾರಕ್ಕೊಮ್ಮೆ ಒಳಗಿಳಿಯುತ್ತಿದ್ದಿತು. ಗೋಡೆಯ ಆಚೆ ಬದಿಗೆ ಬಚ್ಚಲಿನ ನೀರಿನ ತೊಟ್ಟಿ. ಮಳೆಗಾಲದಲ್ಲಿ ಆ ಗೋಡೆಯನ್ನು ಮುಟ್ಟಿದರೆ ಕೈ ತಣ್ಣಗಾಗುತ್ತಿದ್ದುದು ನಮಗೆಲ್ಲ ಗೊತ್ತಿದ್ದ ಸಂಗತಿಯೇ. ನಮ್ಮ ಭಕ್ತಿಯೇ ಅಜ್ಜಿಯ ಮುಖವನ್ನು ತಿಂದಿತು ಎಂದರೆ ಕಟುವಾದೀತು. ಆದರೆ ನಡೆದದ್ದು ಅದೇ.

ಹೀಗಾದದ್ದೇಕೆಂದು ತಿಳಿದವರನ್ನು ಕೇಳಿ, ಪುಸ್ತಕಗಳನ್ನು ಓದಿ, ಅರ್ಥಮಾಡಿಕೊಂಡೆವು. ಆ ಕಾಲದ ಕಪ್ಪುಬಿಳುಪು ಚಿತ್ರವೆಂದರೆ ಬರಿಯ ಕಾಗದವಲ್ಲ. ಕಾಗದದ ಮೇಲೆ ಜೆಲಟಿನ್ ಎಂಬ ತೆಳುವಾದ ಪೊರೆ, ಆ ಪೊರೆಯೊಳಗೆ ಬೆಳ್ಳಿಯ ಅತಿಸೂಕ್ಷ್ಮ ಕಣಗಳು. ನಮಗೆ ಕಾಣುವ ಮುಖ ಆ ಬೆಳ್ಳಿಯೇ. ಜೆಲಟಿನ್ ಎಂಬುದು ಬಡಗಿಗಳು ಹಿಂದೆ ಕಾಸಿ ಬಳಸುತ್ತಿದ್ದ ಸರೇಸಿನ ಜಾತಿಯದು, ದನಗಳ ಚರ್ಮ ಮತ್ತು ಎಲುಬುಗಳಿಂದ ತೆಗೆದದ್ದು. (ಮಡಿವಂತಿಕೆಯ ನಮ್ಮ ಅಜ್ಜಿಗೆ ಇದು ತಿಳಿದಿದ್ದರೆ ಆ ಕಟ್ಟನ್ನು ದೇವರ ಕೋಣೆಯ ಸಮೀಪಕ್ಕೆ ಬಿಡುತ್ತಿರಲಿಲ್ಲ.) ಸರೇಸಿಗೆ ನೀರು ತಾಗಿದರೆ ಅದು ಉಬ್ಬಿ ಮೆತ್ತಗಾಗುತ್ತದೆ, ಒಣಗಿದಾಗ ತನಗೆ ತಾಗಿದ್ದನ್ನು ಹಿಡಿದುಕೊಳ್ಳುತ್ತದೆ. ಚಿತ್ರವು ನೇರವಾಗಿ ಗಾಜಿಗೆ ಒತ್ತಿಕೊಂಡಿದ್ದುದರಿಂದ, ಒಂದೊಂದು ಮಳೆಗಾಲವೂ ಅದನ್ನು ಇನ್ನಷ್ಟು ಅಂಟಿಸುತ್ತ ಹೋಯಿತು. ಚಿತ್ರಕ್ಕೂ ಗಾಜಿಗೂ ನಡುವೆ ಸುತ್ತಲೂ ದಪ್ಪ ರಟ್ಟಿನ ಅಂಚೊಂದನ್ನು ಕೊಟ್ಟು ಕೂದಲೆಳೆಯಷ್ಟು ಎಡೆ ಬಿಟ್ಟಿದ್ದರೂ ಸಾಕಾಗುತ್ತಿತ್ತು. ಇನ್ನೊಂದು ಮಾತು. ಗಾಜಿಗೆ ಅಂಟಿದ ಚಿತ್ರವನ್ನು ಕೀಳಲೇಬಾರದು. ಅದಿರುವಂತೆಯೇ, ಗಾಜಿನ ಸಮೇತ ಪ್ರತಿ ತೆಗೆಸಿಕೊಂಡು ಹಾಗೆಯೇ ಇಡಬೇಕು. ಇದನ್ನು ನಾವು ಕಲಿತದ್ದು ಕಿತ್ತ ಮೇಲೆ.

ಕಾಗದದ ಮೇಲಿನ ಚಿತ್ರ ಎಷ್ಟು ಕಾಲ ಉಳಿಯಬಲ್ಲದು ಎಂಬುದಕ್ಕೆ ನಮ್ಮ ಸೀಮೆಯಲ್ಲಿಯೇ ಒಂದು ನಿದರ್ಶನವಿದೆ. ಈಸ್ಟ್ ಇಂಡಿಯಾ ಕಂಪನಿಯ ಮದ್ರಾಸು ಸೈನ್ಯದಲ್ಲಿ ಅಧಿಕಾರಿಯಾಗಿದ್ದ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬುವರು 1856ರ ಸುಮಾರಿಗೆ ಹಂಪಿಯ ಗುಡಿಗೋಪುರಗಳ ಛಾಯಾಚಿತ್ರಗಳನ್ನು ತೆಗೆದರು. ಆಗ ಫಿಲ್ಮ್ ಎಂಬುದಿರಲಿಲ್ಲ. ಮೇಣ ಹಚ್ಚಿದ ದೊಡ್ಡ ಕಾಗದದ ಹಾಳೆಯೇ ನೆಗೆಟಿವ್. ಆ ಕಾಗದಗಳು 1980ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಮತ್ತೆ ಬೆಳಕಿಗೆ ಬಂದವು. ಆಸ್ಟ್ರೇಲಿಯದ ಛಾಯಾಗ್ರಾಹಕ ಜಾನ್ ಗಾಲಿಂಗ್ಸ್ 1983ರಲ್ಲಿ ಹಂಪಿಗೆ ಬಂದು, ಗ್ರೀನ್‌ಲಾ ನಿಂತಿದ್ದ ತಾಣಗಳನ್ನೇ ಹುಡುಕಿ ನಿಂತು, ಅವೇ ದೃಶ್ಯಗಳನ್ನು ಮತ್ತೊಮ್ಮೆ ತೆಗೆದರು. ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದವರಿಗೆ ಮೊದಲು ಎದ್ದು ಕಾಣುವುದು ವಿಜಯವಿಠ್ಠಲ ದೇವಾಲಯದ ಕಲ್ಲಿನ ರಥ. 1856ರ ಚಿತ್ರದಲ್ಲಿ ಆ ರಥದ ಮೇಲೆ ಇಟ್ಟಿಗೆಯ ಶಿಖರವಿದೆ! ನಾವು ಹುಟ್ಟುವ ಮುಂಚೆಯೇ ಅದನ್ನು ತೆಗೆದುಹಾಕಿದ್ದುದರಿಂದ, ಚಿಕ್ಕಂದಿನಿಂದ ಬೀಗರುಬಿಜ್ಜರನ್ನೆಲ್ಲ ಕರೆದೊಯ್ದು ಆ ರಥವನ್ನು ತೋರಿಸುತ್ತ ಬಂದ ನಮಗೆ ಶಿಖರವೊಂದಿತ್ತೆಂಬ ಕಲ್ಪನೆಯೂ ಇರಲಿಲ್ಲ. ಇಟ್ಟಿಗೆಗಾರೆಯ ಶಿಖರ ಹೋಯಿತು, ಅದರ ನೆರಳನ್ನು ಹಿಡಿದ ಕಾಗದ ಉಳಿಯಿತು. ನೂರಿಪ್ಪತ್ತು ವರ್ಷಗಳನ್ನು ಕಳೆದು ಆ ಹಾಳೆಗಳು ಬೆಳಕಿಗೆ ಬಂದಾಗ ಅವುಗಳಲ್ಲಿ ಕಲ್ಲಿನ ಗೆರೆಗೆರೆಯೂ ಇದ್ದಿತು. ಅರುವತ್ತೇ ವರ್ಷಗಳಲ್ಲಿ ಅಜ್ಜಿಯ ಕಣ್ಣನ್ನು ಕಳೆದುಕೊಂಡ ನಮಗೆ ಇದು ನಾಚಿಕೆಯ ವಿಷಯವೆನಿಸಿತು.

ಅಜ್ಜಿಯ ಚಿತ್ರದ ಇನ್ನೊಂದು ಪ್ರತಿ ಎಲ್ಲಿಯಾದರೂ ಇದ್ದೀತೆಂಬ ಆಸೆಯಿಂದ ಸೊಂಡೂರಿಗೆ ಹೋದೆವು. ಅಜ್ಜಿಯ ಮಕ್ಕಳಲ್ಲಿ ಆಗ ಉಳಿದಿದ್ದವರು ಸೊಂಡೂರಿನ ನಮ್ಮ ಸಣ್ಣವ್ವ ಒಬ್ಬರೇ. ವಯಸ್ಸು ಎಂಬತ್ತೈದಾದರೂ ಕಣ್ಣು ಚುರುಕು, ನೆನಪು ಅದಕ್ಕಿಂತ ಚುರುಕು.

ಸೊಂಡೂರಿನಲ್ಲಿ ಫೋಟೋಗಳ ವೈರಿ ನೀರಲ್ಲ, ಧೂಳು. ಗಣಿಗಾರಿಕೆ ಭರದಿಂದ ನಡೆದಿದ್ದ ವರ್ಷಗಳಲ್ಲಿ, 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ತಡೆಯುವವರೆಗೂ, ಅದಿರಿನ ಲಾರಿಗಳ ಕೆಂಪು ಧೂಳು ಕಿಟಕಿ ಮುಚ್ಚಿದ್ದರೂ ಒಳಗೆ ಬರುತ್ತಿತ್ತೆಂದು ಸಣ್ಣವ್ವನ ಸೊಸೆ ಹೇಳಿದರು. ಆಲ್ಬಮ್ಮಿನ ಹಾಳೆಹಾಳೆಯ ನಡುವೆಯೂ ಆ ಕೆಂಪು ಇದೆ. ಅದು ಕಬ್ಬಿಣದ ಪುಡಿ. ಬಟ್ಟೆಯಿಂದ ತಿಕ್ಕಿ ಒರೆಸಿದರೆ ಉಪ್ಪುಕಾಗದದಿಂದ ಉಜ್ಜಿದಂತಾಗಿ ಚಿತ್ರದ ಮೇಲೆ ಗೀರುಗಳೇಳುತ್ತವೆ. ಮೆತ್ತನೆಯ ಒಣ ಕುಂಚದಿಂದ ನಡುವಿನಿಂದ ಅಂಚಿನ ಕಡೆಗೆ ಹಗುರವಾಗಿ ತಳ್ಳಬೇಕು, ಅಷ್ಟೆ.

ಸಣ್ಣವ್ವನ ಮಕ್ಕಳ ಮದುವೆಯ ಆಲ್ಬಮ್ಮುಗಳು 1980ರ ದಶಕದವು. ಅಂಟು ಸವರಿದ ದಪ್ಪ ಹಾಳೆ, ಮೇಲೆ ಪ್ಲಾಸ್ಟಿಕ್ ಪೊರೆ. ಅಂದಿನ ದಿನಗಳಲ್ಲಿ ಅಂತಹ ಆಲ್ಬಮ್ ಕೊಡಿಸುವುದೇ ಒಂದು ಅಂತಸ್ತಾಗಿತ್ತು. ಇಂದು ಆ ಅಂಟು ಹಳದಿಗಟ್ಟಿ ಚಿತ್ರದ ಬೆನ್ನನ್ನು ಹಿಡಿದು ಬಿಡುತ್ತಿಲ್ಲ. ಬಣ್ಣದ ಚಿತ್ರಗಳಲ್ಲಿ ಹಸಿರು ನೀಲಿಗಳು ಮಾಯವಾಗಿ, ಮದುಮಗನ ಬಿಳಿಯ ಅಂಗಿಯೂ ಮದುಮಗಳ ಹಸಿರು ಸೀರೆಯೂ ಒಂದೇ ಕೆಂಪಾಗಿವೆ. ಮೊದಲು ನಾವು ಅದಿರಿನ ಧೂಳನ್ನೇ ದೂರಿದೆವು. ಆದರೆ ಅದು ಧೂಳಿನ ದೋಷವಲ್ಲ. ಬಣ್ಣದ ಚಿತ್ರದಲ್ಲಿ ಬೆಳ್ಳಿ ಉಳಿಯುವುದಿಲ್ಲ, ಮೂರು ಬಗೆಯ ಬಣ್ಣದ್ರವ್ಯಗಳಷ್ಟೇ ಇರುತ್ತವೆ. ಆ ಕಾಲದ ಕಾಗದಗಳಲ್ಲಿ ನೀಲಿಯ ಅಂಶ ಕತ್ತಲೆಯಲ್ಲಿಟ್ಟರೂ ಸೆಕೆಗೆ ತಾನಾಗಿಯೇ ಸವೆಯುತ್ತಿತ್ತು. ಬಳ್ಳಾರಿಯ ಬಿಸಿಲಿನ ಮೇ ತಿಂಗಳಲ್ಲಿ ತಗಡಿನ ಮಾಡಿನ ಕೆಳಗಿನ ಅಟ್ಟ ಹೇಗೆ ಕಾಯುತ್ತದೆಂದು ಯಾರಿಗೂ ಹೇಳಬೇಕಾಗಿಲ್ಲ. ಸೊಂಡೂರಿನ ಎಂ.ವೈ. ಘೋರ್ಪಡೆಯವರು ರಾಜಕಾರಣದ ನಡುವೆಯೂ ಕಾಡುಮೃಗಗಳ ಛಾಯಾಗ್ರಹಣದಲ್ಲಿ ಹೆಸರು ಪಡೆದವರು, ಅವರಿಗೆ ಕೀರ್ತಿ ತಂದವು ಕಪ್ಪುಬಿಳುಪು ಚಿತ್ರಗಳು. ಅವರು ಕಪ್ಪುಬಿಳುಪನ್ನು ಆರಿಸಿಕೊಂಡದ್ದು ಕಲೆಯ ದೃಷ್ಟಿಯಿಂದ ಇರಬಹುದು. ಬಾಳಿಕೆಯ ದೃಷ್ಟಿಯಿಂದಲೂ ಅದು ಒಳ್ಳೆಯ ಆಯ್ಕೆಯೇ.

ಅಜ್ಜಿಯ ಚಿತ್ರದ ಪ್ರತಿ ಸಣ್ಣವ್ವನಲ್ಲಿಯೂ ಇದ್ದಿತು. ಮೊಮ್ಮಗನೊಬ್ಬ ಪ್ರೀತಿಯಿಂದ, ಅಜ್ಜಿಗೆ ಗೊತ್ತಾಗದಂತೆ, ಅದನ್ನು ಲ್ಯಾಮಿನೇಷನ್ ಮಾಡಿಸಿ ಹುಟ್ಟುಹಬ್ಬದ ಕಾಣಿಕೆಯಾಗಿ ಕೊಟ್ಟಿದ್ದನಂತೆ. ಬಿಸಿಯ ಒತ್ತಡದಲ್ಲಿ ಪ್ಲಾಸ್ಟಿಕ್ ಚಿತ್ರದೊಡನೆ ಒಂದಾಗಿ, ಒಳಗೆ ಗುಳ್ಳೆಗಳೆದ್ದು ಮುಖವೆಲ್ಲ ಮಚ್ಚೆಮಚ್ಚೆಯಾಗಿದೆ. ಪಡಿತರ ಚೀಟಿಗೆ ಒಪ್ಪುವ ಉಪಾಯ ಫೋಟೋಗೆ ಒಪ್ಪುವುದಿಲ್ಲ. ಅದನ್ನು ಇನ್ನು ಬಿಡಿಸಲು ಬರುವುದಿಲ್ಲ. ಹುಡುಗ ಎದುರಿಗೇ ನಿಂತಿದ್ದ. ನಾವೇ ಗಾಜಿನಿಂದ ಕಿತ್ತು ಬಂದವರು, ಅವನಿಗೆ ಏನು ಹೇಳುವುದು?

ಬರಿಗೈಯಲ್ಲಿ ಹೊರಡುವ ಹೊತ್ತಿಗೆ ಸಣ್ಣವ್ವ, "ತಡೀರಪ್ಪಾ, ನನ್ ಲಗ್ನದ್ದೊಂದು ಐತೆ, ಯಾರೂ ನೋಡಿಲ್ಲ ಅದನ್ನ" ಎಂದು ಸೊಸೆಯಿಂದ ಕಬ್ಬಿಣದ ಬೀರುವಿನ ಮೇಲ್ತಟ್ಟಿನಿಂದ ಒಂದು ಬಿಸ್ಕತ್ತಿನ ತಗಡಿನ ಡಬ್ಬಿ ಇಳಿಸಿದರು. ಒಳಗೆ ಮನೆಯ ಪಟ್ಟಾ ಕಾಗದಗಳು, ಅವುಗಳ ನಡುವೆ ಕಾಗದದ ಲಕೋಟೆ, ಲಕೋಟೆಯಲ್ಲಿ ಅಂಗೈಯಗಲದ ಒಂದು ಚಿತ್ರ. 1957ರಲ್ಲಿ ಸೊಂಡೂರಿನಲ್ಲಿ ನಡೆದ ಸಣ್ಣವ್ವನ ಮದುವೆ. ಚಿತ್ರ ಸರಿಯಾಗಿ ಬಂದಿಲ್ಲ, ಮದುಮಗ ಅಲುಗಾಡಿದ್ದಾರೆ ಎಂದು ಕಟ್ಟು ಹಾಕಿಸದೆ ಡಬ್ಬಿಗೆ ಸೇರಿಸಿದ್ದರಂತೆ. ಗೋಡೆ ಕಾಣಲಿಲ್ಲ, ಬಿಸಿಲು ಕಾಣಲಿಲ್ಲ, ನೀರು, ಅಂಟು, ಯಾವುದನ್ನೂ ಕಾಣಲಿಲ್ಲ. ನಿನ್ನೆ ತೊಳೆದು ತೆಗೆದಂತಿದ್ದಿತು.

ಮದುಮಕ್ಕಳ ಹಿಂದೆ ಬಾಗಿಲಿನಲ್ಲಿ ಸೆರಗು ಹೊದ್ದ ಹೆಂಗಸೊಬ್ಬರು ಅರ್ಧ ಮರೆಯಾಗಿ ನಿಂತಿದ್ದಾರೆ. ಮುಖ ಹೆಬ್ಬೆರಳಿನ ಉಗುರಿನಷ್ಟೂ ಇಲ್ಲ. ಯಾರೆಂದು ನಮಗೆ ತಿಳಿಯಲಿಲ್ಲ. ಸಣ್ಣವ್ವ ಭೂತಗನ್ನಡಿ ಹಿಡಿದು, ಮುಖವನ್ನಲ್ಲ, ಎದೆಯ ಮೇಲೆ ತೂಗುತ್ತಿದ್ದ ಬೆಳ್ಳಿಯ ಕರಡಿಗೆಯನ್ನು ತೋರಿಸಿದರು. "ನಮ್ಮವ್ವನ ಕರಡಿಗೆ ಅಲ್ಲೇನು? ಒಂದು ಕಡೆ ಜಜ್ಜಿತ್ತು ನೋಡು." ಆ ಕರಡಿಗೆ ಈಗಲೂ ಅವರ ಮನೆಯಲ್ಲಿದೆ. ತರಿಸಿ ಹೋಲಿಸಿ ನೋಡಿದೆವು. ಜಜ್ಜಿದ ಗುರುತು ಅಲ್ಲಿಯೂ ಇಲ್ಲಿಯೂ ಒಂದೇ.

ಅಜ್ಜಿ ಬದುಕಿದ್ದಾಗಿನ ಮುಖವನ್ನು ನಾವು ಫೋಟೋದಲ್ಲಿ ನೋಡಿದ್ದು ಅದೇ ಮೊದಲು. ಅವರು ತೀರಿಕೊಂಡಾಗ ನಮಗೆ ಆರು ವರ್ಷ. ಗೋಡೆಯ ಮೇಲಿನ ಚಿತ್ರದಲ್ಲಿ ಅಜ್ಜಿ ಕಣ್ಣು ತೆರೆದು ನೇರವಾಗಿ ನೋಡುತ್ತಿದ್ದರು, ನಮ್ಮ ನೆನಪೂ ಆ ನೋಟದ್ದೇ ಆಗಿತ್ತು. ಆದರೆ ಆ ಕಣ್ಣುಗಳು ಸ್ಟುಡಿಯೋದವರು ಕುಂಚದಿಂದ ಬರೆದವು; ಅಂತಹ ಚಿತ್ರಗಳಲ್ಲಿ ಕಣ್ಣು ತೆರೆದಂತೆ ತಿದ್ದುವುದು ಆಗ ವಾಡಿಕೆಯಾಗಿದ್ದಿತು. ಬಾಗಿಲಲ್ಲಿ ನಿಂತ ಅಜ್ಜಿ ನಮ್ಮ ಕಡೆ ನೋಡುತ್ತಲೇ ಇಲ್ಲ. ಮಗಳ ಬೆನ್ನನ್ನು ನೋಡುತ್ತಿದ್ದಾರೆ.

ಇಷ್ಟರಲ್ಲಿ ಕಂಪ್ಲಿಯ ಮಾತನ್ನೂ ಹೇಳಬೇಕು. ಅದು ಇದಕ್ಕಿಂತ ಮೂರು ವರ್ಷ ಹಿಂದಿನದು. ನಮ್ಮ ತಾಯಿಯವರ ತವರು ನಾರಾಯಣದೇವರಕೆರೆ. ತುಂಗಭದ್ರಾ ಅಣೆಕಟ್ಟಿನ ಕೆಲಸ 1945ರಲ್ಲಿ ಆರಂಭವಾಗಿ 1953ರಲ್ಲಿ ನೀರು ನಿಂತಾಗ ಮುಳುಗಿದ ಊರುಗಳಲ್ಲಿ ಅದೂ ಒಂದು. ಊರಿನವರಲ್ಲಿ ಬಹಳ ಮಂದಿ ಮರಿಯಮ್ಮನಹಳ್ಳಿಗೆ ಬಂದು ನೆಲೆಸಿದರು, ನಮ್ಮ ಸೋದರಮಾವ ಕಾಲುವೆಯ ನೀರನ್ನು ನಂಬಿ ಕಂಪ್ಲಿಯ ಕಡೆಗೆ ಹೋದರು. ಊರು ಬಿಡುವ ಮುನ್ನ ಹಳೆಯ ಮನೆಯ ಮುಂದೆ ಮನೆಯವರೆಲ್ಲ ನಿಂತು ತೆಗೆಸಿಕೊಂಡ ಒಂದು ಚಿತ್ರ ಮಾವನವರ ಪಾಲಿಗೆ ಬಂದಿತ್ತು. ಅಜ್ಜಿ ಅದರಲ್ಲಿ ಇಲ್ಲ. ಹೊಸ್ತಿಲು ಬಿಡುವ ದುಃಖಕ್ಕೆ ಒಳಗೇ ಉಳಿದರಂತೆ. ಆ ಮನೆ ಈಗ ಉಳಿದಿರುವುದು ಆ ಚಿತ್ರದಲ್ಲಿ ಮಾತ್ರ.

2019ರ ಆಗಸ್ಟ್ ತಿಂಗಳಲ್ಲಿ ಅಣೆಕಟ್ಟಿನಿಂದ ಎರಡು ಲಕ್ಷ ಕ್ಯೂಸೆಕ್ಸಿಗೂ ಮಿಗಿಲಾಗಿ ನೀರು ಬಿಟ್ಟಾಗ, ಹಂಪಿಯಲ್ಲಿ ಪುರಂದರ ಮಂಟಪ ಮುಳುಗಿತು, ಕಂಪ್ಲಿಯ ಸೇತುವೆಯ ಮೇಲೆ ಹೊಳೆ ಹರಿಯಿತು. ನದಿಯ ಸಮೀಪದಲ್ಲಿದ್ದ ಮಾವನ ಮಗನ ಮನೆಗೂ ನೀರು ನುಗ್ಗಿತು. ಫೋಟೋಗಳಿದ್ದ ಟ್ರಂಕು ಮಂಚದ ಕೆಳಗೆ! ಊರನ್ನು ಮುಳುಗಿಸಿದ ನೀರೇ ಊರಿನ ಚಿತ್ರವನ್ನೂ ಅರಸಿಕೊಂಡು ಬಂದಂತಾಯಿತು. ಮಾರನೆಯ ದಿನ ನಾವು ಹೋದಾಗ ಕಂಡ ದೃಶ್ಯ ವಿಚಿತ್ರವಾಗಿತ್ತು. ಮಾವನ ಮಗನ ಹೆಂಡತಿ ಕೆಸರಾದ ಫೋಟೋಗಳನ್ನೆಲ್ಲ ಒಣಗಿಸುವ ಬದಲು ಸ್ವಚ್ಛವಾದ ತಣ್ಣೀರಿನ ಬಕೆಟ್ಟಿನಲ್ಲಿ ಮುಳುಗಿಸಿ ಇಟ್ಟಿದ್ದರು. "ಇದೇನು ತಂಗೀ, ನೀರಿಂದ ತೆಗೆದದ್ದನ್ನ ಮತ್ತೆ ನೀರಿಗೆ ಹಾಕೀಯಲ್ಲ?" ಎಂದು ನಾವು ರೇಗಿದೆವು. "ಹಂಗೇ ಒಣಗಿದ್ರ ಒಂದಕ್ಕೊಂದು ಹತ್ಕೊಂತಾವ್ರೀ, ಹಪ್ಪಳ ಹತ್ಕೊಂಡಂಗ" ಎಂದರು ಆಕೆ. ಎಲ್ಲಿಯೂ ಓದಿದ ವಿದ್ಯೆಯಲ್ಲ ಅದು, ಅಡುಗೆಮನೆಯ ತಿಳಿವಳಿಕೆ. ವಸ್ತುಸಂಗ್ರಹಾಲಯಗಳ ತಜ್ಞರು ಹೇಳುವುದೂ ಇದನ್ನೇ. ಒದ್ದೆಯಾದ ಚಿತ್ರಗಳು ಒಂದರ ಮೇಲೊಂದು ಒಣಗಲು ಬಿಡಬಾರದು. ತಿಳಿನೀರಿನಲ್ಲಿಯೇ ಒಂದೊಂದನ್ನು ಮೆಲ್ಲಗೆ ಬಿಡಿಸಿ, ಕೆಸರು ಹೋಗುವಂತೆ ಅಲುಗಿಸಿ, ಮುಖ ಮೇಲಾಗಿ ನೆರಳಿನಲ್ಲಿ ಹರವಬೇಕು. ಮುಖವನ್ನು ಬೆರಳಿನಿಂದ ಮುಟ್ಟಬಾರದು, ಬಿಸಿಲಿಗೆ ಇಡಬಾರದು. ಇದೆಲ್ಲ ಎರಡು ದಿನಗಳೊಳಗೆ ಆಗಬೇಕು, ತಡವಾದರೆ ನೀರಿನಲ್ಲಿಯೇ ಜೆಲಟಿನ್ ಕರಗತೊಡಗುತ್ತದೆ, ಹೊರಗಿಟ್ಟರೆ ಬೂಷ್ಟು ಹಿಡಿಯುತ್ತದೆ. ಆಕೆ ಸಂಜೆಯೊಳಗೆ ಎಲ್ಲವನ್ನೂ ಹಳೆಯ ಪಂಚೆಯೊಂದರ ಮೇಲೆ ಹರವಿ ಮುಗಿಸಿದ್ದರು. ಒಂದು ಮೂಲೆ ಹೋದದ್ದು ಬಿಟ್ಟರೆ ನಾರಾಯಣದೇವರಕೆರೆಯ ಮನೆ ಉಳಿಯಿತು. ರೇಗಿದ್ದಕ್ಕೆ ನಾವು ಆಕೆಯ ಕ್ಷಮೆ ಕೇಳಿದ್ದು ಮೂರು ವರ್ಷ ತಡವಾಗಿ, ಅಜ್ಜಿಯ ಚಿತ್ರವನ್ನು ನಾವು ಕೆಡಿಸಿದ ಮೇಲೆ.

ಕಿತ್ತುಬಂದ ಚಿತ್ರವನ್ನೂ ಗಾಜನ್ನೂ ಬಿಸಾಡದೆ ಇಟ್ಟುಕೊಂಡಿದ್ದೆವು. ಎರಡರ ಪ್ರತಿಯನ್ನೂ ಪ್ರತ್ಯೇಕವಾಗಿ ತೆಗೆದು ಕಂಪ್ಯೂಟರಿನಲ್ಲಿ ಜೋಡಿಸಿ, ಬಿರುಕು ಕಾಣುವಂತೆಯೇ ಒಂದು ಹೊಸ ಪ್ರತಿ ಮಾಡಿಸಿದೆವು. ಜೋಡಿಸಿಕೊಟ್ಟ ಯುವಕರು, ಬೇಕಿದ್ದರೆ ಬಿರುಕು ಮುಚ್ಚಿ, ಬಣ್ಣ ತುಂಬಿ, ಅಜ್ಜಿಯನ್ನು ನಗುವಂತೆಯೂ ಮಾಡಿಕೊಡುತ್ತೇವೆಂದರು. ಬೇಡವೆಂದೆವು. ಒಮ್ಮೆ ಬರೆದ ಕಣ್ಣುಗಳೇ ಸಾಕಾಗಿತ್ತು.

ಈಗ ಗೋಡೆಯ ಮೇಲಿರುವುದು ಆ ಪ್ರತಿ. ವಿಭೂತಿ, ಮಾಲೆಗಳೆಲ್ಲ ಅದಕ್ಕೇ ಸಲ್ಲುತ್ತವೆ, ಪೂಜೆ ನಿಂತಿಲ್ಲ. ಮೂಲಚಿತ್ರಗಳು ನಡುಮನೆಯ ಬೀರುವಿನಲ್ಲಿವೆ. ಅಟ್ಟದಲ್ಲಿಯೂ ಇಲ್ಲ, ನೆಲದ ಮೇಲೆಯೂ ಇಲ್ಲ, ಹೊರಗೋಡೆಗೆ ತಾಗಿಯೂ ಇಲ್ಲ. ಒಂದೊಂದಕ್ಕೂ ಆಮ್ಲರಹಿತ ಕಾಗದದ ಲಕೋಟೆ, ಎಲ್ಲಕ್ಕೂ ಸೇರಿ ಒಂದು ತಗಡಿನ ಡಬ್ಬಿ. ಡಾಂಬರು ಗುಳಿಗೆ ಹಾಕುವ ಅಭ್ಯಾಸವನ್ನು ಬಿಟ್ಟೆವು, ಅದರ ಆವಿ ಚಿತ್ರಕ್ಕೆ ಒಳ್ಳೆಯದಲ್ಲ. ಅದರ ಬದಲು ಮಳೆಗಾಲ ಕಳೆದ ಮೇಲೆ ಒಂದು ಒಣ ದಿನ ನೋಡಿ ಡಬ್ಬಿ ತೆರೆದು, ಬೂಷ್ಟಾಗಲಿ ಜೆಲಟಿನ್ನಿನ ಆಸೆಗೆ ಬರುವ ಬೆಳ್ಳಿಬಣ್ಣದ ಪುಸ್ತಕದ ಹುಳುಗಳಾಗಲಿ ಸೇರಿವೆಯೇ ಎಂದು ನೋಡುತ್ತೇವೆ. ಹಳೆಯ ನೆಗೆಟಿವುಗಳನ್ನು ನಿರುಪಯೋಗಿಯೆಂದು ಎಸೆಯುವವರಿದ್ದಾರೆ. ಮೂಲವೆಂಬುದು ಅದೇ ಆದ್ದರಿಂದ ಅವನ್ನೂ ಇಟ್ಟಿದ್ದೇವೆ. ಮೊಮ್ಮಕ್ಕಳು ಒಂದು ಅಂಗುಲಕ್ಕೆ 600 ಚುಕ್ಕೆಗಳಂತೆ ಸ್ಕ್ಯಾನ್ ಮಾಡಿ ಮೂರು ಮನೆಗಳಲ್ಲಿ ಒಂದೊಂದು ಪ್ರತಿ ಇಟ್ಟಿದ್ದಾರೆ. ವಾಟ್ಸಾಪಿನಲ್ಲಿ ಕಳಿಸಿದ್ದೇ ಪ್ರತಿ ಎಂದು ತಿಳಿಯಬಾರದೆಂದೂ, ಅಲ್ಲಿ ಚಿತ್ರ ಕುಗ್ಗಿಹೋಗುತ್ತದೆಂದೂ ಅವರೇ ನಮಗೆ ಹೇಳಿಕೊಟ್ಟರು.

ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿದದ್ದು ಹೆಸರು ಬರೆಯುವ ಕೆಲಸ. ಚಿತ್ರ ಮಾಸುವುದಕ್ಕಿಂತ ಎಷ್ಟೋ ಮೊದಲೇ ಹೆಸರು ಮಾಸಿಹೋಗಿರುತ್ತದೆ. ಬಾಲ್ ಪೆನ್ನಿನ ಒತ್ತು ಮುಂಬದಿಗೆ ಮೂಡುತ್ತದೆ, ಶಾಯಿ ಇಳಿಯುತ್ತದೆ. ಆದ್ದರಿಂದ ಮೆತ್ತನೆಯ ಪೆನ್ಸಿಲಿನಿಂದ ಬೆನ್ನಿನ ಅಂಚಿನಲ್ಲಿ ಹಗುರವಾಗಿ ಬರೆದೆವು. ಅದಕ್ಕಾಗಿ ಸಣ್ಣವ್ವನನ್ನು ಹದಿನೈದು ದಿನ ಹೊಸಪೇಟೆಗೆ ಕರೆತಂದು ಇರಿಸಿಕೊಂಡೆವು. ಅವರು ಒಂದೊಂದು ಮುಖಕ್ಕೂ ಹೆಸರು ಹೇಳುವರು, ಹೆಸರಿನೊಡನೆ ಒಂದು ಜಗಳ, ಒಂದು ಸಾಲ, ಒಂದು ಬಾಣಂತನ. ಬರೆದುಕೊಳ್ಳುವುದರಲ್ಲಿ ಪೆನ್ಸಿಲು ಸವೆಯಿತು.

ನಾರಾಯಣದೇವರಕೆರೆಯ ಮನೆಯ ಚಿತ್ರದಲ್ಲಿ ಹನ್ನೊಂದು ಮಂದಿ. ಹತ್ತು ಹೆಸರುಗಳು ಸಿಕ್ಕವು. ಎಡಗಡೆಯ ಕಂಬಕ್ಕೆ ಒರಗಿ, ಅಂಗಿಯಿಲ್ಲದೆ, ಕೈಯಲ್ಲೊಂದು ಚೆಂಬು ಹಿಡಿದು ನಿಂತ ಎಂಟೊಂಬತ್ತು ವರ್ಷದ ಹುಡುಗ ಯಾರೆಂದು ಸಣ್ಣವ್ವನಿಗೂ ತಿಳಿಯಲಿಲ್ಲ. ನಮ್ಮ ಮನೆಯವನಲ್ಲ ಎಂಬುದಷ್ಟೇ ನಿಶ್ಚಯ. ಮರಿಯಮ್ಮನಹಳ್ಳಿಯಲ್ಲಿ ಆ ಓಣಿಯವರಾಗಿದ್ದ ಹಿರಿಯರೊಬ್ಬರು ಇನ್ನೂ ಇದ್ದಾರೆಂದು ಈಚೆಗೆ ಗೊತ್ತಾಯಿತು. ಅವರಿಗೆ ಕಣ್ಣು ಮಂದವೆಂದು ಹೇಳಿದರು. ಹುಡುಗನ ಮುಖವನ್ನಷ್ಟೇ ದೊಡ್ಡದಾಗಿ ಮಾಡಿಸಿಟ್ಟಿದ್ದೇವೆ, ಬರುವ ವಾರ ಹೋಗಬೇಕೆಂದಿದ್ದೇವೆ.